ಹೆಕ್ಸೇನ್ ಏನೂ ಮಾಡುವುದಿಲ್ಲ

ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಮೊದಲ ಮಹಡಿಯಲ್ಲಿ ಒಂದು ಕೋಚಿಂಗ್ ಕ್ಲಾಸ್ ಇದೆ. ಅಲ್ಲಿ ನಾನು ಹನ್ನೊಂದನೆಯ ತರಗತಿಯ ಮಕ್ಕಳಿಗೆ ಹದಿನಾಲ್ಕು ವರ್ಷಗಳಿಂದ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಅರ್ಧ ಮರಾಠಿ, ಅರ್ಧ ಇಂಗ್ಲಿಷ್, ಸಿಟ್ಟು ಬಂದಾಗ ಮಾತ್ರ ಕನ್ನಡ. ಸಿಟ್ಟು ನನಗೆ ಬೇಗ ಬರುತ್ತದೆ. ಹಾಗಾಗಿ ನನ್ನ ಮಕ್ಕಳಿಗೆ ನಾಲ್ಕಾರು ಕನ್ನಡ ಬೈಗುಳ ಪುಕ್ಕಟೆಯಾಗಿ ಬರುತ್ತವೆ.

ಹೈಡ್ರೋಕಾರ್ಬನ್ ಪಾಠ ನನಗೆ ತುಂಬ ಇಷ್ಟದ್ದು. ಕಾರ್ಬನ್ನಿಗೆ ನಾಲ್ಕು ಕೈ ಎಂದು ಶುರು ಮಾಡುತ್ತೇನೆ. ನಾಲ್ಕೂ ಕೈ ಒಂದೊಂದು ಪರಮಾಣುವನ್ನು ಹಿಡಿದು ತುಂಬಿಹೋಗಿದ್ದರೆ ಅದು ಪರ್ಯಾಪ್ತ, ಅಂದರೆ ಇನ್ನೇನನ್ನೂ ಹಿಡಿಯಲಾಗದಷ್ಟು ತುಂಬಿದ್ದು. ಒಂದು ಕಾರ್ಬನ್ ಇದ್ದರೆ ಮಿಥೇನ್, ಎರಡಿದ್ದರೆ ಈಥೇನ್, ಆಮೇಲೆ ಪ್ರೊಪೇನ್, ಬ್ಯೂಟೇನ್, ಪೆಂಟೇನ್, ಆರಕ್ಕೆ ಹೆಕ್ಸೇನ್. ಮಕ್ಕಳು ಮಗ್ಗಿಯ ಹಾಗೆ ಹೇಳುತ್ತವೆ. ಆಮೇಲೆ ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದ ವಾಕ್ಯವೊಂದಿತ್ತು: ಇವು ಏನೂ ಮಾಡುವುದಿಲ್ಲ. ಆಮ್ಲ ಸುರಿಯಿರಿ, ಕ್ಷಾರ ಸುರಿಯಿರಿ, ಸುಮ್ಮನಿರುತ್ತವೆ. ಬೆಂಕಿ ಹಚ್ಚಿದರೆ ಉರಿಯುತ್ತವೆ, ಕ್ಲೋರಿನ್ ಜೊತೆ ಬಿಸಿಲಿಗಿಟ್ಟರೆ ಒಂದಿಷ್ಟು ಬದಲಾಗುತ್ತವೆ, ಅಷ್ಟೆ. ಪರೀಕ್ಷೆಗೆ ಇಷ್ಟು ಸಾಕು, ಮಾರ್ಕು ಬರುತ್ತದೆ.

ಆ ವಾಕ್ಯವನ್ನು ನಾನು ಕ್ಲಾಸಿನಲ್ಲೇ ಬಿಟ್ಟು ಬರಬೇಕಾಗಿತ್ತು. ಮನೆಗೆ ಹೊತ್ತು ತಂದೆ.

ಮನೆಯಲ್ಲಿರುವುದು ಇಬ್ಬರೇ, ನಾನು ಮತ್ತು ನನ್ನ ತಂಗಿ. ಅಪ್ಪ ಕಲಬುರಗಿ ಕಡೆಯಿಂದ ಪುಣೆಗೆ ಗೌಂಡಿ ಕೆಲಸಕ್ಕೆ ಬಂದವನು. ಅವ್ವ ಹೋದಾಗ ತಂಗಿ ಎಂಟನೆಯ ತರಗತಿಯಲ್ಲಿದ್ದಳು. ಮನೆ ನೋಡಲು ಒಬ್ಬರು ಶಾಲೆ ಬಿಡಲೇಬೇಕಾಯಿತು. "ಅಕ್ಕ ಶಾಣ್ಯಾಕಿ ಅದಾಳ, ಆಕಿ ಓದ್ಲಿ" ಎಂದು ಅವಳೇ ಹೇಳಿ ಪಾಟಿಚೀಲ ಗೂಟಕ್ಕೆ ಹಾಕಿದಳು. ಅಪ್ಪನೂ ಹೋದ ಮೇಲೆ ಅವಳು ಮನೆಯಲ್ಲೇ ಕೂತು ಹೆಣ್ಣುಮಕ್ಕಳ ಪರ್ಸುಗಳಿಗೆ ಅಸ್ತರ, ಅಂದರೆ ಒಳಪದರ, ಅಂಟಿಸುವ ಕೆಲಸ ಹಿಡಿದಳು. ಪುಣೆಯ ಕ್ಯಾಂಪ್ ಪೇಟೆಯ ಒಬ್ಬ ವ್ಯಾಪಾರಿ ರೆಕ್ಸಿನ್ನಿನ ಕತ್ತರಿಸಿದ ತುಂಡುಗಳನ್ನೂ ಸೊಲ್ಯೂಷನ್ ಎನ್ನುವ ಅಂಟಿನ ಡಬ್ಬಿಯನ್ನೂ ಕಳಿಸುತ್ತಿದ್ದ, ವಾರಕ್ಕೊಮ್ಮೆ ಆದ ಪರ್ಸು ಒಯ್ಯುತ್ತಿದ್ದ. ನನ್ನ ಬಿ.ಎಸ್ಸಿ., ಎಂ.ಎಸ್ಸಿ. ಎರಡೂ ಆ ಅಂಟಿನಲ್ಲೇ ಆದವು. ಇದನ್ನು ಅವಳು ಒಮ್ಮೆಯೂ ಆಡಿ ತೋರಿಸಿದವಳಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಸಾಕು ಬಿಡು ಎಂದರೆ, ಕೈ ಸುಮ್ಮನೆ ಇಟ್ಟುಕೊಂಡು ಕೂತರೆ ಹುಚ್ಚು ಹಿಡಿಯುತ್ತದೆ ಎಂದಳು.

ಹಳೆಯ ಸೊಲ್ಯೂಷನ್ನಿನ ವಾಸನೆ ಕೆಟ್ಟದಾಗಿತ್ತು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅವಳು ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತಿದ್ದಳು.

"ಅಕ್ಕಾ, ಈ ವಾಸನಿಗೆ ತಲಿ ಭಾಳ ಸಿಡೀತದ. ಸಾವಕಾರ ಇನ್ನೊಂದ ನಮೂನಿ ಡಬ್ಬಿ ಕಳಸ್ಯಾನ. ಯಾವ್ದು ಛಲೋ ನೋಡು" ಎಂದು ಒಂದು ದಿನ ಎರಡು ಡಬ್ಬಿ ನನ್ನ ಮುಂದಿಟ್ಟಳು.

ನಾನು ಕನ್ನಡಕ ಹಾಕಿಕೊಂಡು ಡಬ್ಬಿಗಳ ಬೆನ್ನು ಓದಿದೆ. ಹಳೆಯದರಲ್ಲಿ ಟಾಲ್ಯೂಯಿನ್ ಇತ್ತು. ಹೊಸದರಲ್ಲಿ ಹೆಕ್ಸೇನ್. ನನಗೆ ಎಷ್ಟು ಖುಷಿಯಾಯಿತೆಂದರೆ, ಹಳೆಯ ವಿದ್ಯಾರ್ಥಿ ದಾರಿಯಲ್ಲಿ ಸಿಕ್ಕಷ್ಟು. ಟಾಲ್ಯೂಯಿನ್ ಬೆಂಜೀನಿನ ಕುಲದ್ದು, ಅದರ ಸಹವಾಸ ಬೇಡ, ಹೆಕ್ಸೇನ್ ಪಾಪದ್ದು ಎಂದು ಅವಳಿಗೆ ಅರ್ಧ ತಾಸು ಪಾಠ ಮಾಡಿದೆ. ಕಾರ್ಬನ್ನಿನ ಕೈಗಳನ್ನು ನನ್ನ ಕೈಯಲ್ಲೇ ಮಾಡಿ ತೋರಿಸಿದೆ.

"ತುಂಬಿದ ಕೊಡ ತುಳಕಂಗಿಲ್ಲ ಅಂತಾರಲ್ಲ, ಹಂಗ ಇದು. ಇದರ ಕೈ ಎಲ್ಲಾ ತುಂಬ್ಯಾವ. ಯಾರ ಗೊಡವಿಗೂ ಹೋಗಂಗಿಲ್ಲ. ಏನೂ ಮಾಡಂಗಿಲ್ಲ" ಎಂದೆ.

ಅವಳು ನಕ್ಕಳು. "ನಿನ್ನಂಥಾ ಮಾಸ್ತರಣಿ ಇದ್ರ ನಾನೂ ಪಾಸ್ ಆಗ್ತಿದ್ನೇನೋ" ಎಂದಳು.

ನಾನೇ ಫೋನ್ ಮಾಡಿ ಇನ್ನು ಮುಂದೆ ಈ ಡಬ್ಬಿಯನ್ನೇ ಕಳಿಸಿ ಎಂದು ವ್ಯಾಪಾರಿಗೆ ಹೇಳಿದೆ. ತೆಳು ಮಾಡಲು, ಕೈ ತೊಳೆಯಲು ಅದೇ ಜಾತಿಯ ಥಿನ್ನರ್ ತರಿಸಿಕೊಟ್ಟೆ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಹೆಕ್ಸೇನ್ ಬೇಗ ಆವಿಯಾಗುತ್ತದೆ, ಗಾಳಿಗೆ ಡಬ್ಬಿಯೊಳಗೆ ಕೆನೆಗಟ್ಟುತ್ತದೆ ಎಂದು ಅವಳು ಹೇಳಿದಾಗ, ಕಿಟಕಿ ಹಾಕಿಕೋ, ಫ್ಯಾನ್ ಬಂದ್ ಮಾಡು ಎಂದವಳೂ ನಾನೇ. ಹತ್ತು ಅಡಿಯ ಕೋಣೆ. ಅವಳು ಬೆಳಗಿನ ರೊಟ್ಟಿ ಆದ ಮೇಲೆ ಕಿಟಕಿ ಹಾಕಿಕೊಂಡು ಕೂತರೆ ಸಂಜೆ ನಾನು ಬಂದಾಗಲೇ ತೆಗೆಯುತ್ತಿದ್ದಳು. ತಲೆನೋವು ನಿಂತುಹೋಯಿತು. ನನ್ನ ವಿದ್ಯೆ ಮನೆಗೆ ಉಪಯೋಗವಾಯಿತಲ್ಲ ಎಂದು ನಾನು ಕ್ಲಾಸಿನಲ್ಲಿ ಸಹ ಜಂಬ ಕೊಚ್ಚಿಕೊಂಡೆ.

ಕೆಲವು ತಿಂಗಳಾದ ಮೇಲೆ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬೆರಳುಗಳು. ಒಂದು ಮುಂಜಾನೆ ಚಹಾದ ಲೋಟ ಕೈಯಿಂದ ಜಾರಿ ಬಿತ್ತು. ಮಾರನೆಯ ದಿನ ಇನ್ನೊಂದು ಬಿತ್ತು. ನಾನು ಕ್ಲಾಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಕಣ್ಣು ನೆತ್ತಿ ಮೇಲದಾವೇನ ಎಂದು ಬೈದೆ. ಅವಳು ಬೆರಳು ತಿಕ್ಕಿಕೊಳ್ಳುತ್ತ, ಜೋಮು ಹಿಡಿದ ಹಾಗಿದೆ ಎಂದಳು. ದಿನವಿಡೀ ಕೂತು ಅಂಟಿಸಿದರೆ ಜೋಮು ಹಿಡಿಯದೆ ಇನ್ನೇನು ಎಂದು ಹೊರಟೆ.

ಆಮೇಲೆ ಕಾಲು. ಒಂದು ರವಿವಾರ ಇಬ್ಬರೂ ತರಕಾರಿಗೆ ಹೋಗಿದ್ದೆವು. ಅವಳು ನನ್ನ ಪಕ್ಕದಲ್ಲೇ ಮಾತಾಡುತ್ತ ಬರುತ್ತಿದ್ದಳು. ಹಿಂದಿನಿಂದ ಒಬ್ಬ ಅಜ್ಜಿ ಮರಾಠಿಯಲ್ಲಿ ಕೂಗಿ ಕರೆದಳು. ತಿರುಗಿ ನೋಡಿದರೆ ಅಜ್ಜಿಯ ಕೈಯಲ್ಲಿ ತಂಗಿಯ ಒಂದು ಚಪ್ಪಲಿ. ಕಾಲಿನಿಂದ ಜಾರಿ ಬಿದ್ದು ಇಪ್ಪತ್ತು ಹೆಜ್ಜೆಯಾಗಿತ್ತು, ಬರಿಗಾಲು ಕಲ್ಲಿನ ಮೇಲಿತ್ತು, ಅವಳಿಗೆ ತಿಳಿದೇ ಇರಲಿಲ್ಲ.

"ಕಾಲಾಗ ಚಪ್ಪಲ ಅದನೋ ಇಲ್ಲೋ ಗೊತ್ತಾಗವಲ್ದು, ಅಕ್ಕಾ" ಎಂದು ನಕ್ಕಳು. ನಗು ಪೂರ್ತಿ ಆಗಲಿಲ್ಲ. ನಾನು ಅಜ್ಜಿಯ ಕೈಯಿಂದ ಚಪ್ಪಲಿ ತೆಗೆದುಕೊಂಡು, ನೆಲಕ್ಕೆ ಕೂತು ಅವಳ ಕಾಲಿಗೆ ಹಾಕಿದೆ.

ಡಾಕ್ಟರುಗಳ ಹತ್ತಿರ ತಿರುಗಿದೆವು. ಒಬ್ಬರು ಸಕ್ಕರೆ ನೋಡಿದರು, ಇರಲಿಲ್ಲ. ಬಿ-ಹನ್ನೆರಡು ಕಡಿಮೆ ಇರಬೇಕು ಎಂದು ಇಂಜೆಕ್ಷನ್ ಬರೆದರು. ಇನ್ನೊಬ್ಬರು ಬೆನ್ನುಹುರಿಯ ಎಕ್ಸ್‌ರೇ ತೆಗೆಸಿದರು. ನಾನು ದಿನಾ ಸಂಜೆ ಎಳ್ಳೆಣ್ಣೆ ಬಿಸಿ ಮಾಡಿ ಅವಳ ಪಾದ ತಿಕ್ಕುತ್ತಿದ್ದೆ. ಏನು ಕೆಲಸ ಮಾಡುತ್ತಾಳೆ ಎಂದು ಅವರು ಕೇಳಿದರೆ ನಾನೇ "ಮನೆಯಲ್ಲೇ ಇರುತ್ತಾಳೆ" ಎಂದು ಮುಗಿಸುತ್ತಿದ್ದೆ. ಪುಣೆಯಲ್ಲಿ ಎಂ.ಎಸ್ಸಿ. ಆದ ಮೇಡಮ್ಮಿನ ತಂಗಿ ಪರ್ಸು ಅಂಟಿಸುತ್ತಾಳೆ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಈ ಒಣ ಮರ್ಯಾದೆಗೆ ನನ್ನನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ. ಇಂಜೆಕ್ಷನ್ ಕೋರ್ಸು ಮುಗಿಯಿತು. ಅವಳ ಕಾಲು ಇನ್ನೂ ಸೋತವು. ಮೆಟ್ಟಿಲು ಹತ್ತುವಾಗ ಮುಂಗಾಲು ಎತ್ತಲಾಗದೆ ಪಾದ ಪಟಪಟನೆ ಬೀಳುತ್ತಿತ್ತು. ನಿಂತು ಮಾಡುವ ಕೆಲಸ ಆಗುವುದಿಲ್ಲ ಎಂದು ಅವಳು ಕೂತು ಮಾಡುವ ಕೆಲಸವನ್ನೇ ಹೆಚ್ಚು ಮಾಡತೊಡಗಿದಳು. ಅಂದರೆ ಇನ್ನೂ ಹೆಚ್ಚು ಹೊತ್ತು, ಕಿಟಕಿ ಹಾಕಿಕೊಂಡು, ಅಂಟಿನ ಮುಂದೆ. ನಾನು ನೋಡುತ್ತಲೇ ಇದ್ದೆ. ಕಾಲು ಸೋತರೂ ಕೈ ಸುಮ್ಮನಿಲ್ಲವಲ್ಲ ಎಂದು ಮೆಚ್ಚಿಕೊಂಡೆ ಕೂಡ.

ಆ ದಿನಗಳಲ್ಲೇ ಕ್ಲಾಸಿನಲ್ಲಿ ಹೈಡ್ರೋಕಾರ್ಬನ್ ಬಂತು. ಏನೂ ಮಾಡುವುದಿಲ್ಲ ಎಂದು ಎಂದಿನಂತೆ ಬರೆದೆ, ಅಡಿಗೆರೆ ಎಳೆದೆ. ಸೀಮೆಸುಣ್ಣದ ಪುಡಿ ಕೊಡವಿಕೊಂಡು ಮನೆಗೆ ಬಂದೆ.

ಒಂದು ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಹೊರಗಿನ ಕೋಣೆಯಲ್ಲಿ ಪೇಪರ್ ತಿದ್ದುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ರೊಟ್ಟಿ ಹತ್ತಿತೇನೋ ಎಂದು ಕೂಗಿದೆ, ಇಲ್ಲ ಎಂದಳು. ಒಳಗೆ ಹೋಗಿ ನೋಡಿದರೆ ಅವಳ ಎಡಗೈಯ ಮೂರು ಬೆರಳು ಕಾದ ಹಂಚಿನ ಮೇಲಿದ್ದವು. ಅವಳು ನನ್ನ ಮುಖ ನೋಡಿ, ಆಮೇಲೆ ಹಂಚು ನೋಡಿ, ಆಮೇಲೆ ಬೆರಳು ತೆಗೆದಳು. ಚೀರಲಿಲ್ಲ. ನಾನು ಚೀರಿದೆ.

ಅವತ್ತೇ ರಿಕ್ಷಾ ಹಿಡಿದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರಗಳ ವಿಭಾಗದ ಮುಂದೆ ಮೂರು ತಾಸು ಕೂತೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನನ್ನ ಹಳೆಯ ವಿದ್ಯಾರ್ಥಿನಿಯರ ಓರಗೆಯವರು. ಸೂಜಿಯಿಂದ ಪಾದ ಚುಚ್ಚುತ್ತ ಮೇಲಕ್ಕೆ ಬಂದರು, ಮೊಣಕಾಲಿನವರೆಗೂ ತಂಗಿಗೆ ಏನೂ ತಿಳಿಯಲಿಲ್ಲ. ಎರಡೂ ಕಾಲು ಒಂದೇ ಸಮ, ಎರಡೂ ಕೈ ಒಂದೇ ಸಮ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನನ್ನು ಬಿಟ್ಟು ನೇರ ತಂಗಿಯನ್ನೇ ನೋಡಿ, ಏನು ಕೆಲಸ ಮಾಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು.

ತಂಗಿ ಮರಾಠಿಯಲ್ಲೇ ಎಲ್ಲ ಹೇಳಿದಳು. ರೆಕ್ಸಿನ್, ಅಸ್ತರ, ಸೊಲ್ಯೂಷನ್. ಯಾವ ಸೊಲ್ಯೂಷನ್ ಎಂದು ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು. ಆಗ ಅವಳು ಸ್ವಲ್ಪ ನೆಟ್ಟಗೆ ಕೂತು, ನನ್ನ ಕಡೆ ಕೈ ಮಾಡಿ, ಮೊದಲಿನದು ಕೆಟ್ಟದಿತ್ತು, ನಮ್ಮ ಅಕ್ಕ ಕೆಮಿಸ್ಟ್ರಿ ಮೇಡಂ, ಅವಳೇ ಡಬ್ಬಿ ಓದಿ ಬದಲಿಸಿ ಕೊಟ್ಟಿದ್ದಾಳೆ, ಇದು ಹೆಕ್ಸೇನಿಂದು, ಇದು ಏನೂ ಮಾಡುವುದಿಲ್ಲ ಎಂದಳು. ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು ಹೆಕ್ಸೇನ್ ಎಂಬ ಹೆಸರನ್ನು ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ, ಬೇರೆ ದಿನವಾಗಿದ್ದರೆ ನಾನು ಬೆನ್ನು ತಟ್ಟುತ್ತಿದ್ದೆ.

ಡಾಕ್ಟರಮ್ಮ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಇದು ಹೆಕ್ಸೇನಿನಿಂದಲೇ ಆಗುವ ನರದ ಕಾಯಿಲೆ ಇರಬಹುದು, ಪರೀಕ್ಷೆ ಮಾಡೋಣ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ, ತಂಗಿಗೆ ಮರಾಠಿಯಲ್ಲಿ, ಅಂಟಿನಿಂದಲೇ ಆಗಿದೆ, ಇವತ್ತಿನಿಂದಲೇ ಆ ಅಂಟು ಬಂದ್ ಎಂದರು. ನರಗಳ ಪರೀಕ್ಷೆಯೂ ಅದನ್ನೇ ಹೇಳಿತು. ತಂಗಿಗೆ ಕೇಳದಂತೆ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು: ಬಿಟ್ಟ ಮೇಲೂ ಎರಡು ಮೂರು ತಿಂಗಳು ಇದು ಹೆಚ್ಚುತ್ತಲೇ ಹೋಗುತ್ತದೆ, ಗಾಬರಿಯಾಗಬೇಡಿ, ಆಮೇಲೆ ನಿಧಾನ ಇಳಿಯಬಹುದು. ಎಷ್ಟು ಇಳಿಯುತ್ತದೆ, ಮೊದಲಿನ ಹಾಗೆ ನಡೆಯುತ್ತಾಳೋ ಇಲ್ಲವೋ, ಈಗ ಹೇಳಲಾಗುವುದಿಲ್ಲ. ಇದಕ್ಕೆ ಔಷಧವೆಂದು ಏನೂ ಇಲ್ಲ.

ರಿಕ್ಷಾದಲ್ಲಿ ತಂಗಿ ನನ್ನ ಭುಜಕ್ಕೆ ಒರಗಿ ಕೂತಿದ್ದಳು.

"ಅಕ್ಕಾ, ಅಂಟಿನಿಂದನ ಆಗ್ಯಾದ ಅಂದ್ರಲ್ಲ. ನೀ ಅದು ಏನೂ ಮಾಡಂಗಿಲ್ಲ ಅಂದಿದ್ದಿ?"

ಅವಳು ತಪ್ಪು ಹೊರಿಸಲು ಕೇಳಿರಲಿಲ್ಲ. ತಿಳಿಯಲಿಲ್ಲ, ತಿಳಿಸಿ ಹೇಳು ಎಂದು ಕೇಳಿದ್ದಳು, ಅಷ್ಟೆ. ನನಗೆ ಉತ್ತರ ಹುಡುಕಬೇಕಾಗಲಿಲ್ಲ, ಬಾಯಿಗೆ ತಾನೇ ಬಂತು.

"ಹೆಕ್ಸೇನ್ ಏನೂ ಮಾಡಂಗಿಲ್ಲ. ಆ ಸಾವಕಾರ ಕಲಬೆರಕಿ ಮಾಡ್ಯಾನ" ಎಂದೆ.

"ಮುಂಡೇಗಂಡ" ಎಂದಳು ಅವಳು. ನಾನು ರಸ್ತೆ ನೋಡುತ್ತ ಕೂತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೈಗುಳ ಮಾತ್ರ ದಾರಿಹೋಕನಿಗೆ ಬಿತ್ತು.

ಆಮೇಲೆ ಓದಿದೆ. ಎಂ.ಎಸ್ಸಿ. ಮಾಡುವಾಗ ಓದದಷ್ಟು ಓದಿದೆ. ನಮ್ಮ ಪಾಠದಲ್ಲಿ ಹೆಕ್ಸೇನ್ ಗಾಜಿನ ಕೊಳವೆಯಲ್ಲಿರುತ್ತದೆ. ಕೊಳವೆಗೆ ಯಕೃತ್ತು ಇರುವುದಿಲ್ಲ. ಮನುಷ್ಯರಿಗೆ ಇರುತ್ತದೆ. ಉಸಿರಿನಲ್ಲಿ, ಚರ್ಮದಲ್ಲಿ ಒಳಹೋದ ಹೆಕ್ಸೇನನ್ನು ಹೊರಹಾಕಲೆಂದು ಯಕೃತ್ತು ಅದಕ್ಕೆ ಆಕ್ಸಿಜನ್ ಹಚ್ಚುತ್ತದೆ. ನಾನು ಬೆಂಕಿ ಬೇಕು, ಬಿಸಿಲು ಬೇಕು ಎನ್ನುತ್ತಿದ್ದ ಕೆಲಸವನ್ನು ಅದು ಮೈಯ ಬಿಸಿಯಲ್ಲೇ ಸದ್ದಿಲ್ಲದೆ ಮಾಡುತ್ತದೆ. ಆರು ಕಾರ್ಬನ್ನಿನ ಸರಪಳಿಯಲ್ಲಿ ಎರಡನೆಯದಕ್ಕೂ ಐದನೆಯದಕ್ಕೂ ಆಕ್ಸಿಜನ್ ಹತ್ತಿದರೆ ಅದು ಇನ್ನು ಪಾಪದ್ದಲ್ಲ. ನರದ ಒಳಗಿನ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಉದ್ದದ ನರಗಳು ಮೊದಲು ಸಾಯುತ್ತವೆ, ಅದಕ್ಕೇ ಪಾದ ಮೊದಲು; ಲೋಟ ಜಾರುವುದಕ್ಕೂ ಮುಂಚೆಯೇ ಅವಳ ಪಾದ ಹೋಗಿರಬೇಕು.

ಇನ್ನೊಂದು ಸಂಗತಿ ಓದಿ ಪುಸ್ತಕ ಮುಚ್ಚಿ ಗೋಡೆಗೆ ತಲೆ ಕೊಟ್ಟು ಕೂತೆ. ಆರು ಕಾರ್ಬನ್ ಹದಿನಾಲ್ಕು ಹೈಡ್ರೋಜನ್ ಸೇರಿ ಐದು ನಮೂನೆಯಾಗಿ ನಿಲ್ಲಬಹುದು. ಒಂದು ನೆಟ್ಟಗಿನ ಸರಪಳಿ, ಉಳಿದ ನಾಲ್ಕು ಕೊಂಬೆ ಇರುವವು. ಈ ಐದನ್ನೂ ಬರೆಯಿರಿ ಎಂಬುದು ನನ್ನ ಖಾಯಂ ಪ್ರಶ್ನೆ. ಸರಪಳಿಯನ್ನು ಬಗ್ಗಿಸಿ ಬರೆದು ಆರನೆಯದು ಎಂದು ತೋರಿಸುವ ಮಕ್ಕಳ ಕಿವಿ ಹಿಂಡಿದ್ದೇನೆ. ಐದರಲ್ಲಿ ನರ ತಿನ್ನುವುದು ಮುಖ್ಯವಾಗಿ ಆ ನೆಟ್ಟಗಿನದೊಂದೇ. ಕೊಂಬೆ ಇರುವವು ಅಷ್ಟು ಕೆಡುಕಲ್ಲ, ಒಂದು ಕಾರ್ಬನ್ ಹೆಚ್ಚಿರುವ ಹೆಪ್ಟೇನ್ ಕೂಡ ಅಷ್ಟಲ್ಲ. ಹದಿನಾಲ್ಕು ವರ್ಷ ಎರಡು ಮಾರ್ಕಿಗೆಂದು ಬರೆಸಿದ ಆ ಐದು ಚಿತ್ರಗಳಲ್ಲಿ ಯಾವುದು ನನ್ನ ತಂಗಿಯ ಕಾಲು ಒಯ್ಯುತ್ತದೆ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪುಸ್ತಕ ಸುಳ್ಳು ಹೇಳಿರಲಿಲ್ಲ. ಪುಸ್ತಕ ಕೊಳವೆಯ ಮಾತು ಹೇಳಿತ್ತು, ಅದನ್ನು ಮನೆಯೊಳಗೆ ತಂದವಳು ನಾನು.

ಡಾಕ್ಟರಮ್ಮ ಹೇಳಿದಂತೆಯೇ ಆಯಿತು. ಡಬ್ಬಿಗಳನ್ನು ಅವತ್ತೇ ಮನೆಯಿಂದ ಹೊರಹಾಕಿದ್ದೆ. ಆದರೂ ಅವಳು ವಾರದಿಂದ ವಾರಕ್ಕೆ ಇಳಿದಳು. ಮೊದಲು ಗೋಡೆ ಹಿಡಿದು ನಡೆಯುತ್ತಿದ್ದಳು, ಆಮೇಲೆ ನನ್ನನ್ನು ಹಿಡಿದು. ದೀಪಾವಳಿಯ ಹೊತ್ತಿಗೆ ಬಚ್ಚಲಿಗೂ ನಾನೇ ಎತ್ತಿಕೊಂಡು ಹೋಗಬೇಕಾಯಿತು. ಸೀರೆಯ ನೆರಿಗೆ ಹಿಡಿಯಲು ಬೆರಳು ಬರುತ್ತಿರಲಿಲ್ಲ, ನಾನು ಉಡಿಸುತ್ತಿದ್ದೆ. ಊಟ ಕಲಸಿ ಕೊಡುತ್ತಿದ್ದೆ. ಕೆಂಡಸಂಪಿಗೆಯಂತಿದ್ದವಳು ಎಂದೆಲ್ಲ ಬರೆಯಲಾರೆ, ಅವಳು ಸಾಮಾನ್ಯ ಹೆಂಗಸು, ಗಟ್ಟಿ ಹೆಂಗಸು, ಎರಡು ಕೊಡ ನೀರು ಒಮ್ಮೆಗೇ ಎತ್ತುತ್ತಿದ್ದಳು. ಈಗ ಅವಳ ಮೀನಖಂಡ ನನ್ನ ಮುಷ್ಟಿಯೊಳಗೆ ಬರುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಣ್ಣುತ್ತಿದ್ದವಳು ಅವಳು.

ನಿಜ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಪಾದ ತಿಕ್ಕುವಾಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ಆಗಲೇ, "ಅಕ್ಕಾ, ನೀ ಇದ್ದಿ ಅಂತ ನಾ ಅದೀನಿ" ಎನ್ನುತ್ತಿದ್ದಳು. ನಾನು ಇನ್ನಷ್ಟು ಎಣ್ಣೆ ಸುರಿದುಕೊಂಡು ತಿಕ್ಕುತ್ತಿದ್ದೆ. ಹೇಳಿದರೆ ಅವಳು ನನ್ನ ಕೈ ಸರಿಸಿಬಿಟ್ಟಾಳು ಎಂಬ ಹೆದರಿಕೆ. ಅವಳನ್ನು ಎತ್ತಲು ಬೇರೆ ಕೈ ಇರಲಿಲ್ಲ ಎನ್ನುವುದು ಒಂದು. ನನಗೂ ಬೇರೆ ಯಾರೂ ಇರಲಿಲ್ಲ ಎನ್ನುವುದು ಇನ್ನೊಂದು. ಕ್ಯಾಂಪಿನ ವ್ಯಾಪಾರಿ ಒಮ್ಮೆ ಹಣ್ಣು ಹಿಡಿದುಕೊಂಡು ನೋಡಲು ಬಂದ. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವನು ಪೆಚ್ಚಾಗಿ ಬಾಗಿಲಲ್ಲಿ ನಿಂತಿದ್ದ. ನಾನು ಅವನಿಗೆ ಒಂದು ಲೋಟ ನೀರು ಸಹ ಕೊಡಲಿಲ್ಲ, ಕೊಟ್ಟರೆ ನನ್ನ ಸುಳ್ಳು ಒಡೆಯುತ್ತಿತ್ತು.

ಎಷ್ಟು ದಿನ ಹೀಗೆ ನಡೆಯುತ್ತಿತ್ತೋ. ಒಂದು ಮಧ್ಯಾಹ್ನ ಕ್ಲಾಸು ರಜೆಯಿತ್ತು. ಅವಳ ತಲೆ ಬಾಚುತ್ತಿದ್ದೆ. ನಮ್ಮ ಚಾಳಿನ ಸಾಲುಮನೆಗಳಲ್ಲಿ, ನಾಲ್ಕು ಬಾಗಿಲು ಆಚೆ, ನಮ್ಮ ಕಡೆಯವಳೇ ಒಬ್ಬಳು ಗೌಂಡಿಯ ಹೆಂಡತಿ ಇದ್ದಾಳೆ. ಬೆಳಿಗ್ಗೆ ಅವಳು ತಂಗಿಯನ್ನು ನೋಡಲು ಬಂದಿದ್ದಳಂತೆ.

"ನನ್ನ ಕೆಲಸಾ ಈಗ ಆಕಿ ಮಾಡ್ಲಿಕ್ಕತ್ಯಾಳ" ಎಂದಳು ತಂಗಿ.

ಬಾಚಣಿಗೆ ನಿಂತಿತು. "ಯಾವಾಗಿಂದ?"

"ಆತು, ಎರಡ ತಿಂಗಳ. ಹೆದರ್‍ಯಾಳ ಪಾಪ, ನನ್ನಂಗ ಆದೀತು ಅಂತ. ನಾ ಹೇಳೀನಿ, ಸಾವಕಾರನ ಡಬ್ಬಿ ತಗೋಬ್ಯಾಡ, ಅದು ಕಲಬೆರಕಿ. ಬ್ಯಾರೆ ಅಂಗಡ್ಯಾಗ ಖರೇ ಹೆಕ್ಸೇನಿಂದು ಕೇಳಿ ತಗೋ, ಅದು ಏನೂ ಮಾಡಂಗಿಲ್ಲ, ನಮ್ಮಕ್ಕ ಹೇಳ್ಯಾಳ ಅಂತ. ಕಿಡಕಿ ಹಾಕ್ಕೊಂಡ ಕೂಡು ಅಂತನೂ ಹೇಳೀನಿ, ಕೆನಿಗಟ್ಟಬಾರದಲ್ಲ."

ನಾನು ಬಾಚಣಿಗೆ ಇಟ್ಟು ಅವಳ ಮುಂದೆ ನೆಲಕ್ಕೆ ಕೂತೆ. ಎರಡು ತಿಂಗಳು. ಕಿಟಕಿ ಹಾಕಿಕೊಂಡು. ಖರೇ ಹೆಕ್ಸೇನ್. ನನ್ನ ಮರ್ಯಾದೆ ಉಳಿಸಿಕೊಳ್ಳಲು ರಿಕ್ಷಾದಲ್ಲಿ ಆಡಿದ ಒಂದು ಮಾತು ನಾಲ್ಕು ಬಾಗಿಲು ದಾಟಿ ಹೋಗಿ ಇನ್ನೊಬ್ಬಳ ಕೋಣೆಯಲ್ಲಿ ಆವಿಯಾಗುತ್ತ ಕೂತಿತ್ತು.

ಹೇಳಿಬಿಟ್ಟೆ. ಕಲಬೆರಕೆ ಇರಲಿಲ್ಲ, ಸಾವಕಾರನ ತಪ್ಪು ಏನೂ ಇರಲಿಲ್ಲ, ಹೆಕ್ಸೇನೇ ನಿನ್ನ ಕಾಲು ತಿಂದದ್ದು, ಆರಿಸಿಕೊಟ್ಟವಳು ನಾನು, ಕಿಟಕಿ ಹಾಕಿಸಿದವಳು ನಾನು, ಆಸ್ಪತ್ರೆಯಲ್ಲಿ ಗೊತ್ತಾದ ಮೇಲೂ ನಿನ್ನ ಮುಂದೆ ಸುಳ್ಳು ಹೇಳಿದವಳೂ ನಾನೇ. ಹೇಳುತ್ತ ಹೇಳುತ್ತ ಅವಳ ಮಡಿಲಿಗೆ ತಲೆಯಿಟ್ಟು ಅತ್ತೆ. ಎಂದೂ ಯಾರೆದುರೂ ಹಾಗೆ ಅತ್ತವಳಲ್ಲ.

ಅವಳು ನನ್ನ ತಲೆಯ ಮೇಲೆ ಕೈ ಇಡುತ್ತಾಳೇನೋ ಎಂದು ಕಾದೆ, ಇಡಲಿಲ್ಲ. ಅರ್ಧ ಬಾಚಿದ ಕೂದಲು ಅವಳ ಮುಖದ ಮೇಲಿತ್ತು.

"ಅಳೂದು ಆಮ್ಯಾಲ" ಎಂದಳು. ದನಿ ನನಗೆ ಪರಿಚಯದ್ದಲ್ಲ. "ಮೊದಲ ನನ್ನ ಎಬ್ಬಸು. ಆಕಿ ಮನಿಗೆ ಹೋಗಬೇಕು."

"ನೀ ಬ್ಯಾಡ, ನಾ ಹೋಗಿ ಹೇಳ್ತೀನಿ."

"ಆಕಿಗೆ ಹೇಳಿದಾಕಿ ನಾ. ನಾನ ಬರಬೇಕು."

ಎಬ್ಬಿಸಿದೆ. ಸೊಂಟ ಬಳಸಿ ಹಿಡಿದೆ, ಅವಳು ನನ್ನ ಕುತ್ತಿಗೆಗೆ ಕೈ ಹಾಕಿದಳು. ನಾಲ್ಕು ಬಾಗಿಲಿನ ದೂರ. ಅವಳ ಪಾದಗಳು ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದವು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆವು. ಇಡೀ ದಾರಿ ನನ್ನ ಮುಖ ನೋಡಲಿಲ್ಲ.

ಗೌಂಡಿಯ ಹೆಂಡತಿ ಬಾಗಿಲು ತೆಗೆದಾಗ ಆ ವಾಸನೆ ಮುಖಕ್ಕೆ ಹೊಡೆಯಿತು, ಪೆಟ್ರೋಲಿನಂಥ ವಾಸನೆ. ಕಿಟಕಿ ಹಾಕಿತ್ತು. ನೆಲದ ತುಂಬ ರೆಕ್ಸಿನ್ನಿನ ತುಂಡುಗಳು. ನಮ್ಮನ್ನು ನೋಡಿ ಅವಳು ಗಾಬರಿಯಾಗಿ, "ಅಯ್ಯ, ಬರ್ರಿ ಬರ್ರಿ ಮೇಡಂ, ಇಕಿನ್ಯಾಕ ಎಬ್ಬಿಸಿಕೊಂಡ ಬಂದ್ರಿ" ಎಂದು ಚಾಪೆ ಹಾಸಲು ಹೋದಳು.

ನಾನು ನಿಂತೇ ಹೇಳಿದೆ. ಈ ಅಂಟು ಈಗಲೇ ಬಿಡಬೇಕು, ಕಲಬೆರಕೆ ಅಂದದ್ದು ಸುಳ್ಳು, ಇದೇ ಹೆಕ್ಸೇನ್ ಇವಳಿಗೆ ಹೀಗೆ ಮಾಡಿದ್ದು ಎಂದೆ. ತಂಗಿಯನ್ನು ಬಾಗಿಲಿಗೆ ಒರಗಿಸಿ ಹೋಗಿ ಕಿಟಕಿ ತೆಗೆದೆ. ಗೌಂಡಿಯ ಹೆಂಡತಿ ನನ್ನ ಹಿಂದೆಯೇ ಬಂದು ನಿಂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಅನುಮಾನ ಇತ್ತು. ಎರಡು ತಿಂಗಳಿಂದ ಕೈಗೆ ಹತ್ತಿದ ಕೆಲಸ ಅದು.

"ಮೇಡಂ, ನೀವು ಕಲತವ್ರು. ಆವಾಗ ಏನೂ ಮಾಡಂಗಿಲ್ಲ ಅಂದ್ರಿ ಅಂತ. ಈಗ ಹಿಂಗಂತೀರಿ. ಆವಾಗ ಹೇಳಿದ್ದು ಖರೆ ಏನ್ರಿ, ಈಗ ಹೇಳೂದು ಖರೆ ಏನ್ರಿ?"

ಹದಿನಾಲ್ಕು ವರ್ಷ ಹಲಗೆಯ ಮುಂದೆ ನಿಂತವಳು ಡಬ್ಬಿಯ ಮುಚ್ಚಳ ಹುಡುಕಿ ಹಾಕತೊಡಗಿದೆ.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ತಂಗಿ, "ಇಲ್ಲಿ ನೋಡವಾ" ಎಂದಳು. ಬರದ ಬೆರಳುಗಳಿಂದ ಹೇಗೋ ಸೀರೆಯ ಅಂಚನ್ನು ಮೊಣಕಾಲಿನವರೆಗೆ ಎಳೆದುಕೊಂಡಳು. ಆ ಕೋಲಿನಂಥ ಕಾಲು ನೋಡಿ ಗೌಂಡಿಯ ಹೆಂಡತಿ ಸೆರಗು ಬಾಯಿಗೆ ಹಿಡಿದಳು.

"ನಾ ಈಗ ಈ ಪಾದ ಮ್ಯಾಲೆತ್ತತೀನಿ. ನೋಡ್ತಿರು" ಎಂದಳು ತಂಗಿ. ಹಲ್ಲು ಕಚ್ಚಿದಳು. ಕುತ್ತಿಗೆಯ ನರ ಉಬ್ಬಿದವು, ಹಣೆಯಲ್ಲಿ ಬೆವರು ಬಂತು, ಇಡೀ ಮೈ ನಡುಗಿತು. ಮೂವರೂ ನೆಲದ ಮೇಲಿನ ಆ ಪಾದವನ್ನೇ ನೋಡುತ್ತ ನಿಂತೆವು. ಅದು ಏಳಲಿಲ್ಲ.